ಅರಸರ ಉಗ್ರಾಣ, ರೈತರ ಚೀಲ

2005ರ ಜನವರಿ ಇರಬೇಕು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಮುಗಿದು, ಸಮಾಜ ವಿಜ್ಞಾನದ ಗುರುಗಳು ಉತ್ತರ ಪತ್ರಿಕೆ ಹಂಚುತ್ತಿದ್ದರು. ಟಿಪ್ಪು ಸುಲ್ತಾನನ ಆಡಳಿತ ಸುಧಾರಣೆಗಳ ಪ್ರಶ್ನೆಗೆ ನಾನು ಐದು ಅಂಶಗಳನ್ನು ಬರೆದಿದ್ದೆ. ನಾಲ್ಕನೆಯ ಅಂಶ: ‘ವ್ಯಾಪಾರದಲ್ಲಿ ಸರ್ಕಾರದ ಏಕಸ್ವಾಮ್ಯವನ್ನು ಸ್ಥಾಪಿಸಿದನು.’ ಗುರುಗಳು ಅದರ ಕೆಳಗೆ ಕೆಂಪು ಗೆರೆ ಎಳೆದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

“ಏಕಸ್ವಾಮ್ಯ ಅಂದ್ರ ಏನಪಾ?”

ನಾನು ಸುಮ್ಮನೆ ನಿಂತೆ. ಗೈಡಿನಲ್ಲಿ ಇದ್ದದ್ದನ್ನು ಬಾಯಿಪಾಠ ಮಾಡಿ ಬರೆದಿದ್ದೆ, ಅರ್ಥ ಯಾರು ಕೇಳುತ್ತಾರೆ ಎಂಬ ಧೈರ್ಯದಿಂದ.

“ಮೆಣಸಿನಕಾಯಿ ಬ್ಯಾಡಗಿ ಪ್ಯಾಟಿಗೆ ಒಯ್ದಾಗ ನಿಮ್ಮಪ್ಪಗ ಧಾರಣಿ ಹೇಳಾವ್ರು ಯಾರು?”

“ಖರೀದಿದಾರ್ರು ಸರ್.”

“ಎಷ್ಟ ಮಂದಿ ಇರ್ತಾರ?”

“ಭಾಳ ಮಂದಿ ಸರ್.”

“ಅವ್ರೆಲ್ಲಾ ಹೋಗಿ ಒಬ್ಬನ ಉಳದಾನ ಅಂತ ತಿಳಿ. ಅಂವ ರಾಜಾ. ಆವಾಗ ಧಾರಣಿ ಯಾರ ಹೇಳ್ತಾರ? ನಿಮ್ಮಪ್ಪ ಏನ್ ಮಾಡ್ತಾನ?”

ಅಷ್ಟರಲ್ಲಿ ಗಂಟೆ ಹೊಡೆಯಿತು. “ವಿಚಾರ ಮಾಡಿ ಬರ್ರಿ” ಎಂದು ಹೇಳಿ ಹೋದರು. ಮರುದಿನದಿಂದ ಪುನರಾವರ್ತನೆ ಪಾಠಗಳು ಶುರುವಾದವು. ಆ ಪ್ರಶ್ನೆಗೆ ನಾನು ಉತ್ತರ ಕೊಡಲೇ ಇಲ್ಲ. ಈಗ ನಮ್ಮ ಶಾಲೆಗೆ ಐವತ್ತು ತುಂಬಿದೆ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕೇಳಿದಾಗ ಮೊದಲು ನೆನಪಾದದ್ದು ಆ ಉಳಿದುಹೋದ ಉತ್ತರ. ನಾನು ಇತಿಹಾಸ ಓದಿದವನಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಗೋದಾಮುಗಳ ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯುವವನು. ಯಾವ ಸರಕು ಯಾವಾಗ ಒಳಬಂತು, ಎಷ್ಟು ಹೊರಗೆ ಹೋಯಿತು, ಯಾರ ಹೆಸರಿನಲ್ಲಿ ಎಷ್ಟು ಉಳಿದಿದೆ, ಇದೇ ನನ್ನ ದಿನನಿತ್ಯದ ಕೆಲಸ. ಹಾಗಾಗಿ ಅರಸರ ಉಗ್ರಾಣಗಳ ಚರಿತ್ರೆ ಓದುವಾಗ ನನಗೆ ಯುದ್ಧಗಳಿಗಿಂತ ಬೀಗದ ಕೈ ಮತ್ತು ಲೆಕ್ಕದ ಪುಸ್ತಕಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ.

ಅಪ್ಪನ ಇಪ್ಪತ್ತೆರಡು ಚೀಲ

ಮೊದಲು ಮನೆಯ ಮಾತು. ನಾನು ಪಿ.ಯು.ಸಿ. ಎರಡನೇ ವರ್ಷದಲ್ಲಿದ್ದಾಗ ಅಪ್ಪ ಮೂರೆಕರೆ ಎರೆಹೊಲದಲ್ಲಿ ಬ್ಯಾಡಗಿ ಕಡ್ಡಿ ಬೆಳೆದಿದ್ದ. ಬೆಳೆ ಚೆನ್ನಾಗಿ ಬಂತು. ಎಲ್ಲರಿಗೂ ಚೆನ್ನಾಗಿ ಬಂದ ವರ್ಷವಾದ್ದರಿಂದ ಧಾರಣೆ ಬಿತ್ತು. ಅಪ್ಪ ಇಪ್ಪತ್ತೆರಡು ಚೀಲಗಳನ್ನು ಮಾರದೆ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ. ಅವುಗಳ ಮೇಲೆ ಅಡತಿ ಅಂಗಡಿಯಲ್ಲಿ ಮುಂಗಡ ತಂದ. ಮಳೆಗಾಲ ಕಳೆದರೆ ಧಾರಣೆ ಏರುತ್ತದೆ ಎಂಬ ಲೆಕ್ಕ. ಏರಲಿಲ್ಲ. ನನ್ನ ಬಿ.ಇ. ಸೀಟಿಗೆ ಹಣ ಕಟ್ಟುವ ದಿನ ಬಂದಾಗ ಚೀಲಗಳನ್ನು ತೆಗೆಸಿ ಮಾರಿದ. ಬಾಡಿಗೆ, ಬಡ್ಡಿ, ಹಮಾಲಿ, ತೂಕದ ಕೂಲಿ ಎಲ್ಲ ಕಳೆದು ಕೈಗೆ ಬಂದದ್ದು ಸುಗ್ಗಿಯಲ್ಲೇ ಮಾರಿದ್ದರೆ ಬರುತ್ತಿದ್ದುದಕ್ಕಿಂತ ಕಡಿಮೆ. ಅವತ್ತು ಸಂಜೆ ಕಟ್ಟೆಯ ಮೇಲೆ ಕುಳಿತು ಅಪ್ಪ ಅಂದದ್ದು ಇಷ್ಟೇ: “ಮಾಲು ನಂದು. ಕೀಲಿ ಅವರದು. ಧಾರಣಿ ಇನ್ನೊಬ್ಬರದು.”

ಗುರುಗಳ ಪ್ರಶ್ನೆ ಮತ್ತು ಅಪ್ಪನ ಮಾತು ಒಂದೇ ವಿಷಯದ ಎರಡು ತುದಿಗಳೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ದಾರಿಯಲ್ಲಿ ಸುಂಕ

ನಮ್ಮ ಭಾಗದ ಹಳೆಯ ಅರಸರು ಸಾಮಾನ್ಯವಾಗಿ ತಾವೇ ಅಂಗಡಿ ಹಾಕಿ ಕೂರುತ್ತಿರಲಿಲ್ಲ, ದಾರಿಯಲ್ಲಿ ಸುಂಕ ಪಡೆಯುತ್ತಿದ್ದರು. ಹಾವೇರಿ, ಹಾನಗಲ್ಲು, ರಾಣೆಬೆನ್ನೂರು ಸೀಮೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರ, ಪಾನುಂಗಲ್ಲು ಐನೂರು ಎಂಬ ನಾಡುಗಳಿಗೆ ಸಂಬಂಧಿಸಿದ್ದು. ಆ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಪೆರ್ಜುಂಕ ಎಂದರೆ ಹಿರಿಯ ಸುಂಕ, ದೊಡ್ಡ ಸರಕುಗಳ ಮೇಲಿನದು. ಇವನ್ನು ನೋಡಿಕೊಳ್ಳಲು ಸುಂಕವೆರ್ಗಡೆ ಎಂಬ ಅಧಿಕಾರಿ ಇರುತ್ತಿದ್ದ. ಅಡಿಕೆ, ವೀಳ್ಯದೆಲೆ, ಮೆಣಸು, ಎಣ್ಣೆ ಇವುಗಳ ಹೇರಿಗೆ ಇಷ್ಟು ಎಂದು ಸುಂಕ. ಎತ್ತಿನ ಬೆನ್ನ ಮೇಲಿನ ಹೊರೆಗೆ ಹೇರು ಎನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ.

ವ್ಯಾಪಾರ ಮಾಡುತ್ತಿದ್ದವರು ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘದವರು. ಐಹೊಳೆಯ ಹೆಸರು ಹೊತ್ತ ಈ ಸಂಘದ ಗುರುತುಗಳು ತಮಿಳುನಾಡು, ಶ್ರೀಲಂಕಾವರೆಗೆ ಸಿಕ್ಕಿವೆ. ದೇವಸ್ಥಾನದ ನಂದಾದೀಪಕ್ಕೆ ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ ಎಂಬಂತೆ ವರ್ತಕರು ತಾವೇ ಕುಳಿತು ಮಾತಾಡಿ ದತ್ತಿ ಬಿಡುತ್ತಿದ್ದರು, ಅದನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಇಲ್ಲಿ ಒಂದು ವಿಷಯ ಗಮನಿಸಬೇಕು. ಎಷ್ಟು ತೆರಬೇಕು ಎಂಬುದು ಊರ ನಡುವಿನ ಕಲ್ಲಿನ ಮೇಲೆ ಇತ್ತು. ಓದಲು ಬಾರದವನೂ ಓದುವವನನ್ನು ಕರೆತಂದು ಕೇಳಬಹುದಿತ್ತು.

ಅರಸನೇ ವ್ಯಾಪಾರಿಯಾದಾಗ

ಸಮುದ್ರದ ವ್ಯಾಪಾರ ದೊಡ್ಡದಾದಂತೆ ಅರಸರು ದಾರಿಯ ಸುಂಕಕ್ಕೆ ತೃಪ್ತರಾಗಲಿಲ್ಲ. ವಿಜಯನಗರದ ಅರಸರಿಗೆ ಬೇಕಾದದ್ದು ಯುದ್ಧದ ಕುದುರೆ. ಅವು ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನುನಿಜ್ ಬರೆದಿದ್ದಾನೆ. ಸಂಖ್ಯೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಲಿ, ಕೊಳ್ಳುವವನು ಮುಖ್ಯವಾಗಿ ಅರಸನೇ ಎಂಬುದು ಸ್ಪಷ್ಟ.

ಕೆಳದಿಯ ನಾಯಕರ ಕಾಲಕ್ಕೆ ಇನ್ನೊಂದು ಮಗ್ಗುಲು ಕಾಣುತ್ತದೆ. ಇಲ್ಲಿ ಅರಸನು ಮಾರುವವನು. ಘಟ್ಟದ ಮೇಲಿನ ಕಾಳುಮೆಣಸು, ಕರಾವಳಿಯ ಅಕ್ಕಿ ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಹಡಗು ಹತ್ತುತ್ತಿದ್ದವು. ಮೆಣಸು ಬೇಕಾದ ಪರದೇಶದವರು ಬೆಳೆಗಾರನ ಬಳಿಗೆ ಹೋಗುತ್ತಿರಲಿಲ್ಲ. ಇಕ್ಕೇರಿಗೆ ಬಂದು ನಾಯಕನ ಮುಂದೆ ಕೂರುತ್ತಿದ್ದರು. 1623ರಲ್ಲಿ ಗೋವೆಯ ಪೋರ್ಚುಗೀಸರು ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳಿಸಿದಾಗ ಮಾತುಕತೆಯಲ್ಲಿ ಮೆಣಸಿನ ವ್ಯವಹಾರವೂ ಇತ್ತು. 1637ರಲ್ಲಿ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಭಟ್ಕಳದಿಂದ ಘಟ್ಟ ಹತ್ತಿ ವೀರಭದ್ರ ನಾಯಕನನ್ನು ಕಾಣಲು ಬಂದದ್ದೂ ಮೆಣಸಿಗಾಗಿಯೇ.

1623ರ ಆ ರಾಯಭಾರದ ಜೊತೆ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿಯೂ ಇದ್ದ. ಅವನು ಬರೆದ ಒಂದು ಸಂಗತಿಯನ್ನು ಶಾಲೆಯ ಸಂಚಿಕೆಯಲ್ಲಿ ಹೇಳದೆ ಬಿಡಲಾರೆ. ದಾರಿಯಲ್ಲಿ ಒಂದು ಗುಡಿಯ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣುಪಾದ ಮರಳು ಹರವಿಕೊಂಡು, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಗುರು ಹತ್ತಿರ ಇರಲಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಆತ ಕೇಳಿದ. ನಾಲ್ವರೂ ಒಂದೇ ಕಡೆ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತಾರೆ ಎಂಬ ಅರ್ಥದ ಉತ್ತರ ಬಂತಂತೆ. ನಮ್ಮ ವೃತ್ತಿಯಲ್ಲಿ ಒಂದೇ ಲೆಕ್ಕವನ್ನು ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಇಡುವುದೂ ಇದೇ ಕಾರಣಕ್ಕೆ. ನಾಲ್ಕುನೂರು ವರ್ಷ ಹಿಂದೆ ಮಲೆನಾಡಿನ ಹುಡುಗರಿಗೆ ಇದು ಗೊತ್ತಿತ್ತು. ಈ ಹುಡುಗರನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತಾರೆ.

ಟಿಪ್ಪುವಿನ ಕೋಠಿಗಳು

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಮೆಣಸಿನ ಘಟ್ಟಗಳೂ ಬಂದರುಗಳೂ ಮೈಸೂರಿನ ಕೈಗೆ ಬಂದವು. ಮಗ ಟಿಪ್ಪು 1782ರಲ್ಲಿ ಪಟ್ಟಕ್ಕೆ ಬಂದ ಮೇಲೆ ಅರಸನ ವ್ಯಾಪಾರಕ್ಕೆ ಒಂದು ಇಲಾಖೆಯ ರೂಪವನ್ನೇ ಕೊಟ್ಟ. ಟಿಪ್ಪುವಿನ ಹೆಸರು ಎತ್ತಿದರೆ ಇವತ್ತು ಜಗಳ ಶುರುವಾಗುತ್ತದೆ. ಹೊಗಳುವವರೂ ಬಯ್ಯುವವರೂ ತಮ್ಮ ತಮ್ಮ ಕಾರಣ ಇಟ್ಟುಕೊಂಡಿದ್ದಾರೆ. ನಾನು ಆ ಚರ್ಚೆಗೆ ಹೋಗದೆ ಉಗ್ರಾಣದ ಬಾಗಿಲಲ್ಲೇ ನಿಲ್ಲುತ್ತೇನೆ.

ಈ ವ್ಯಾಪಾರದ ಕೇಂದ್ರಗಳಿಗೆ ಕೋಠಿ ಎಂದು ಹೆಸರು. ಕೋಠಿ, ಕೊಠಾರ ಎರಡೂ ಸಂಸ್ಕೃತದ ಕೋಷ್ಠದಿಂದಲೇ ಬಂದ ಮಾತುಗಳು. ರಾಜ್ಯದೊಳಗಿನ ಊರುಗಳಲ್ಲಿ ಕೋಠಿಗಳಿದ್ದವು. ರಾಜ್ಯದ ಹೊರಗೆ ಕಚ್ಛ್‌ನಲ್ಲಿ, ಸಮುದ್ರದಾಚೆ ಮಸ್ಕತ್ತಿನಲ್ಲೂ ಇದ್ದವು. ಮೇಲ್ವಿಚಾರಣೆಗೆ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದಿನ ಅಧಿಕಾರಿಗಳು. ಶ್ರೀಗಂಧ, ಕಾಳುಮೆಣಸು, ಏಲಕ್ಕಿ ಇವು ಸರ್ಕಾರದ ಸರಕು. ಬೆಳೆದವನು ಕೋಠಿಗೆ ಕೊಡಬೇಕು, ಕೋಠಿ ಹೊರಗೆ ಮಾರಬೇಕು. ಇಂಗ್ಲಿಷರ ಬಂದರುಗಳಿಗೆ ಈ ಸರಕು ಹೋಗದಂತೆ ತಡೆ ಹಾಕಿದ. ಕಂಪನಿ ಸರ್ಕಾರ ಮೆಣಸಿನ ಲಾಭದಿಂದಲೇ ಫಿರಂಗಿ ಕೊಳ್ಳುತ್ತದೆ, ಅದೇ ಲಾಭ ತನಗೆ ಬಂದರೆ ತಾನೂ ಕೊಳ್ಳಬಹುದು ಎಂಬುದು ಸರಳ ತರ್ಕ.

ಟಿಪ್ಪುವಿನ ಪತ್ರಗಳ ಒಂದು ಸಂಗ್ರಹವನ್ನು ಕಿರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ ಅನುವಾದಿಸಿ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಅನುವಾದಕ ಟಿಪ್ಪುವಿನ ವಿರೋಧಿ. ಆದರೂ ಪತ್ರಗಳು ಓದಲು ಸಿಗುತ್ತವೆ. ಮಸ್ಕತ್ತಿನ ಕೋಠಿಯ ದರೋಗನಿಗೆ ಬರೆದ ಪತ್ರಗಳಲ್ಲಿ ಸುಲ್ತಾನ ಪಕ್ಕಾ ದಲಾಲನಂತೆ ಕಾಣುತ್ತಾನೆ. ಗಂಧ, ಮೆಣಸು, ಏಲಕ್ಕಿಗಳ ಧಾರಣೆಯ ಚಿಂತೆ, ಬೆಲೆ ಇಲ್ಲದಾಗ ಮಾಲು ಹಿಡಿದಿಡುವ ಲೆಕ್ಕಾಚಾರ. ಹಾಗೆಯೇ ರೇಷ್ಮೆ ಹುಳು ಕಳಿಸು, ಅವನ್ನು ಸಾಕಲು ಗೊತ್ತಿರುವವರನ್ನು ಕಳಿಸು, ಖರ್ಜೂರದ ಸಸಿ ಕಳಿಸು ಎಂಬ ಬೇಡಿಕೆಗಳು. ಧಾರಣೆ ಏರುವವರೆಗೆ ಮಾಲು ಹಿಡಿಯುವ ಜಾಗ ಓದಿದಾಗ ನನಗೆ ಅಪ್ಪನ ಇಪ್ಪತ್ತೆರಡು ಚೀಲ ನೆನಪಾಯಿತು. ವ್ಯತ್ಯಾಸ ಇಷ್ಟೇ: ಸುಲ್ತಾನನ ಹಿಂದೆ ಖಜಾನೆ ಇತ್ತು, ಕಾಯಬಹುದಿತ್ತು. ಅಪ್ಪನ ಹಿಂದೆ ನನ್ನ ಫೀಸಿನ ಕೊನೆಯ ದಿನಾಂಕ ಇತ್ತು.

1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಗುಲಾಮ್ ಅಲಿ ಖಾನ್ ಎಂಬವನ ನೇತೃತ್ವದಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ಕಳಿಸಿದ ರಾಯಭಾರ ಅದು. ಹಡಗಿನಲ್ಲಿ ರಾಯಭಾರಿಗಳ ಜೊತೆ ಗಂಧ, ಮೆಣಸು, ಏಲಕ್ಕಿಗಳೂ ಇದ್ದವು. ದಾರಿಯುದ್ದಕ್ಕೂ ಮಾರುತ್ತ ಹೋಗಿ ಅದರಿಂದ ಖರ್ಚು ತೂಗಿಸಬೇಕೆಂಬ ಯೋಜನೆ. ಬಸ್ರಾದಂಥ ಬಂದರಿನಲ್ಲಿ ಮೈಸೂರಿಗೆ ವ್ಯಾಪಾರದ ನೆಲೆ ಬೇಕೆಂಬುದೂ ಉದ್ದೇಶವಾಗಿತ್ತು. ಹೊರಟವರಲ್ಲಿ ಬಹಳ ಮಂದಿ ರೋಗಕ್ಕೆ ತುತ್ತಾದರು, ಹಡಗುಗಳು ಹಾಳಾದವು, ಕೇಳಿದ ನೆಲೆ ಸಿಗಲಿಲ್ಲ.

ಆ ನಿಯಮಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಪ್ರಜೆಗಳಿಂದ ಠೇವಣಿ ಪಡೆಯುವ ಯೋಜನೆ. ಸರ್ಕಾರದ ವ್ಯಾಪಾರದಲ್ಲಿ ಜನರೂ ಹಣ ತೊಡಗಿಸಬಹುದು. 500ರವರೆಗೆ ಇಟ್ಟ ಸಣ್ಣವನಿಗೆ ನೂರಕ್ಕೆ 50ರ ಲಾಭ, 500ರಿಂದ 5,000ದವರೆಗೆ ನೂರಕ್ಕೆ 25, ಅದಕ್ಕೂ ಮೇಲೆ ಇಟ್ಟ ದೊಡ್ಡವನಿಗೆ ನೂರಕ್ಕೆ 12. ಇವತ್ತಿನ ಯಾವ ಬ್ಯಾಂಕಿನಲ್ಲಿ ಸಣ್ಣ ಠೇವಣಿಗೆ ದೊಡ್ಡ ಬಡ್ಡಿ ಉಂಟು? ಬಡವನ ಹಣ ಬೇಗ ಬೆಳೆಯಲಿ ಎಂಬ ಆಲೋಚನೆ ಅದರಲ್ಲಿದೆ. ಆದರೆ ಅಷ್ಟು ಲಾಭವನ್ನು ಪ್ರತಿ ವರ್ಷ ಕೊಡಬೇಕಾದರೆ ಅದು ಎಲ್ಲಿಂದಲಾದರೂ ಬರಬೇಕು. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ದೊಡ್ಡ ಅಂತರ ಇದ್ದರೆ ಮಾತ್ರ ಬರುತ್ತದೆ. ಅಂದರೆ ಠೇವಣಿ ಇಟ್ಟ ಪ್ರಜೆಯ ಲಾಭ, ಮೆಣಸು ಬೆಳೆದ ಪ್ರಜೆಯ ಧಾರಣೆಯಿಂದ ಕಡಿದ ತುಂಡು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈ ಮೊದಲೇ ತೆಗೆದುಕೊಂಡಿರುತ್ತದೆ.

ಈ ಏರ್ಪಾಡು ಬಹಳ ವರ್ಷ ಬಾಳಲಿಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಮಲಬಾರಿನ ಮೆಣಸು ಕೈತಪ್ಪಿತು. ಅದರ ಮೇಲೆ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಕೋಠಿಗಳ ಕಥೆಯೂ ಮುಗಿಯಿತು.

ಆದರೆ ಏಕಸ್ವಾಮ್ಯ ಮುಗಿಯಲಿಲ್ಲ. ಗಂಧದ ಮರ ಆಮೇಲೆಯೂ ಸರ್ಕಾರದ್ದಾಗಿಯೇ ಉಳಿಯಿತು. ರೈತನ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧವೂ ಸರ್ಕಾರದ್ದು. ಹಾಗಾಗಿ ಗಂಧದ ಸಸಿ ಕಂಡರೆ ಕಿತ್ತೆಸೆಯುವುದು ಕ್ಷೇಮ ಎಂದು ರೈತ ತಿಳಿದ. ಕಾದು ಬೆಳೆಸುವವನು ಅವನು, ಕಳುವಾದರೆ ಉತ್ತರ ಕೊಡುವವನೂ ಅವನು, ಮರ ಮಾತ್ರ ಅವನದಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ತನ್ನ ಹೊಲದ ಗಂಧಕ್ಕೆ ರೈತನೇ ಒಡೆಯ ಎಂದಾಯಿತು. ಅಷ್ಟರಲ್ಲಿ ಗಂಧದ ನಾಡಿನಲ್ಲಿ ಗಂಧವೇ ಅಪರೂಪವಾಗಿತ್ತು.

ಸಯಾಮಿನ ಉಗ್ರಾಣ

ಇದು ನಮ್ಮ ಅರಸರೊಬ್ಬರ ಬುದ್ಧಿಯಲ್ಲ. ಕೆಲಸದ ಮೇಲೆ ಬ್ಯಾಂಕಾಕಿಗೆ ಹೋಗಿದ್ದಾಗ ಒಂದು ರವಿವಾರ ರೈಲು ಹತ್ತಿ ಅಯುತ್ಥಾಯಕ್ಕೆ ಹೋದೆ. ನಮ್ಮ ಅಯೋಧ್ಯೆಯ ಹೆಸರನ್ನೇ ಇಟ್ಟುಕೊಂಡ ಊರು. 1351ರಿಂದ 1767ರವರೆಗೆ ಸಯಾಮಿನ ರಾಜಧಾನಿ. ಬರ್ಮಾದ ಸೈನ್ಯ ಸುಟ್ಟುಹಾಕಿದ ಮೇಲೆ ಉಳಿದದ್ದು ಇಟ್ಟಿಗೆಯ ಗೋಪುರಗಳು. ನಮ್ಮ ಹಂಪಿಯಲ್ಲಿ ನಿಂತಂತೆಯೇ ಅನಿಸಿತು.

ಅಲ್ಲಿಯ ವ್ಯಾಪಾರ ನೋಡಿಕೊಳ್ಳುತ್ತಿದ್ದ ಇಲಾಖೆಯ ಹೆಸರು ಫ್ರಾ ಖ್ಲಾಂಗ್. ಖ್ಲಾಂಗ್ ಎಂದರೆ ಉಗ್ರಾಣ, ಭಂಡಾರ. ಅರಸನ ಉಗ್ರಾಣ ನೋಡಿಕೊಳ್ಳುವವನೇ ಮುಂದೆ ವಿದೇಶ ವ್ಯವಹಾರದ ಮಂತ್ರಿಯೂ ಆದ. ಚೀನಾ ಕಡೆಯ ವ್ಯಾಪಾರಕ್ಕೆ ಎಡಬದಿಯ ಬಂದರು ಕಚೇರಿ, ಭಾರತ, ಪರ್ಷಿಯಾ ಕಡೆಯ ಮುಸ್ಲಿಂ ವರ್ತಕರಿಗೆ ಬಲಬದಿಯ ಬಂದರು ಕಚೇರಿ. ಬಣ್ಣದ ಸಪ್ಪನ್ ಮರ, ತವರ, ಜಿಂಕೆಯ ಚರ್ಮ ಮುಂತಾದವು ಅರಸನ ಉಗ್ರಾಣದ ಸರಕು. ಪರದೇಶದ ಹಡಗಿನವನು ತಂದ ಮಾಲನ್ನು ಮೊದಲು ಉಗ್ರಾಣದವರು ನೋಡಿ ಆರಿಸಿಕೊಳ್ಳಬೇಕು, ಬೇಕಾದ ಮಾಲನ್ನು ಉಗ್ರಾಣದಿಂದಲೇ ಕೊಳ್ಳಬೇಕು. ಮಸ್ಕತ್ತಿನ ಕೋಠಿಯ ದರೋಗನಿಗೆ ಇಲ್ಲಿ ಕೆಲಸ ಕೊಟ್ಟಿದ್ದರೆ ಒಂದೇ ವಾರದಲ್ಲಿ ಒಗ್ಗಿಕೊಳ್ಳುತ್ತಿದ್ದ. ಈ ಪದ್ಧತಿ ಮುರಿದದ್ದು 1855ರ ಬೌರಿಂಗ್ ಒಪ್ಪಂದದಿಂದ. ಇಂಗ್ಲಿಷರು ಸಯಾಮಿನ ಪ್ರಜೆಗಳೊಡನೆ ನೇರವಾಗಿ ವ್ಯಾಪಾರ ಮಾಡಬಹುದು, ಆಮದು ಸುಂಕ ನೂರಕ್ಕೆ 3 ಮಾತ್ರ ಎಂದು ಬರೆಸಿಕೊಂಡರು. ಬೀಗ ತೆಗೆಸಿದವರು ಬೆಳೆಗಾರರಲ್ಲ, ಹೊರಗಿನಿಂದ ಬಂದ ಇನ್ನೂ ದೊಡ್ಡ ವ್ಯಾಪಾರಿಗಳು. ನಮ್ಮಲ್ಲಿಯೂ ಆದದ್ದು ಬೇರೆಯಲ್ಲ.

ನಮ್ಮ ಸೀಮೆಯಲ್ಲಿ

ಟಿಪ್ಪು ಹೋದ ಮರುವರ್ಷ, 1800ರಲ್ಲಿ, ಧೋಂಡಿಯ ವಾಘನನ್ನು ಬೆನ್ನಟ್ಟಿ ಬಂದ ಕರ್ನಲ್ ವೆಲ್ಲೆಸ್ಲಿ ತುಂಗಭದ್ರೆ ದಾಟಿ ರಾಣೆಬೆನ್ನೂರಿನ ಕೋಟೆ ಹಿಡಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಅವನ ಪತ್ರಗಳಲ್ಲಿ ಕತ್ತಿಗಿಂತ ಹೆಚ್ಚಾಗಿ ಅಕ್ಕಿ, ಎತ್ತು ಮತ್ತು ಬಣಜಾರರ ಮಾತು ಬರುತ್ತದೆ. ಸಾವಿರಾರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಓಡಾಡುತ್ತಿದ್ದ ಲಂಬಾಣಿಗರಿಲ್ಲದೆ ಯಾವ ಸೈನ್ಯಕ್ಕೂ ಊಟವಿರಲಿಲ್ಲ. ಒಂದು ಲೆಕ್ಕದಲ್ಲಿ ಅವರದು ನಡೆದಾಡುವ ಉಗ್ರಾಣ. ನಮ್ಮ ಜಿಲ್ಲೆಯ ತಾಂಡಾಗಳಿಂದ ನಮ್ಮ ಶಾಲೆಗೆ ಬರುತ್ತಿದ್ದ ಗೆಳೆಯರ ಪೂರ್ವಜರು ಈ ದೊಡ್ಡ ವ್ಯಾಪಾರದ ಬೆನ್ನೆಲುಬಾಗಿದ್ದರು ಎಂಬುದನ್ನು ನಮ್ಮ ಪಾಠಪುಸ್ತಕ ನಮಗೆ ಹೇಳಲಿಲ್ಲ.

ಅರಸರ ಏಲಕ್ಕಿ ಏಕಸ್ವಾಮ್ಯ ಹೋದರೂ ಏಲಕ್ಕಿಯ ದಾರಿ ಉಳಿಯಿತು. ಏಲಕ್ಕಿ ಬೆಳೆಯದ ಹಾವೇರಿಗೆ ಏಲಕ್ಕಿ ಕಂಪಿನ ನಾಡು ಎಂಬ ಹೆಸರು ಬಂದದ್ದು ಹೀಗೆ. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಇಲ್ಲಿಯ ಬಾವಿಯ ನೀರಿನಲ್ಲಿ ತೊಳೆದು ಬಣ್ಣ ತಿಳಿಗೊಳಿಸಿ ಪೇಟೆಗೆ ಕಳಿಸುತ್ತಿದ್ದರು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಎಲ್ಲರ ಬಾಯಲ್ಲೂ ಏಲಕ್ಕಿ ಹಾರದ ಮಾತು. ಆ ಹಾರದ ದಾರದ ಇನ್ನೊಂದು ತುದಿ ಘಟ್ಟದ ಮೇಲಿನ ತೋಟಗಳಲ್ಲಿದೆ.

ಕಂಪನಿ ಸರ್ಕಾರವೂ ಅದರ ಹಿಂದೆ ಬಂದ ಬ್ರಿಟಿಷ್ ಸರ್ಕಾರವೂ ಅರಸರ ಏಕಸ್ವಾಮ್ಯಗಳನ್ನು ಬಯ್ದವು, ಆದರೆ ಉಪ್ಪನ್ನು ತಾವೇ ಹಿಡಿದುಕೊಂಡವು. ಸಮುದ್ರದ ದಂಡೆಯಲ್ಲಿ ಬಿಸಿಲಿಗೆ ತಾನಾಗಿ ಆಗುವ ಉಪ್ಪನ್ನು ಹೆಕ್ಕಿದರೆ ಅಪರಾಧ. 1930ರ ಮಾರ್ಚ್ 12ರಂದು ಗಾಂಧೀಜಿ ದಂಡಿಗೆ ಹೊರಟಾಗ ಅವರ ಜೊತೆ ಹೆಜ್ಜೆ ಹಾಕಿದವರಲ್ಲಿ ನಮ್ಮ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಹದಿನೆಂಟರ ಹುಡುಗ ಮೈಲಾರ ಮಹದೇವಪ್ಪ ಇದ್ದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣವಿದ್ದ ಕಚೇರಿಯ ಮೇಲೆ ದಾಳಿ ಮಾಡಿದಾಗ ಅವರು ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಜೊತೆಗೇ ಹುತಾತ್ಮರಾದರು. ಹುತಾತ್ಮ ದಿನಾಚರಣೆಯಲ್ಲಿ ಅವರ ಭಾವಚಿತ್ರಕ್ಕೆ ಹೂವು ಹಾಕಿ ಭಾಷಣ ಮಾಡಿದ್ದೇವೆ. ಉಗ್ರಾಣದ ಕೀಲಿ ಯಾರ ಕೈಯಲ್ಲಿ ಇರಬೇಕು ಎಂಬ ಪ್ರಶ್ನೆಗೆ ನಮ್ಮ ಪಕ್ಕದ ಊರಿನವರು ಪ್ರಾಣ ಕೊಟ್ಟರು ಎಂದು ನನಗೆ ಅನಿಸಿದ್ದು ಈಗ.

ಉತ್ತರ

ಈಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರಾಜನಿಲ್ಲ. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ ಇದೆ, ನೂರಾರು ಅಂಗಡಿಗಳಿವೆ, ಕಂಪ್ಯೂಟರಿನಲ್ಲಿ ಟೆಂಡರ್ ನಡೆಯುತ್ತದೆ. ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಕಾಯಿ ಬರುತ್ತದೆ. ಟಿಪ್ಪುವಿನ ಪಟ್ಟಿಯಲ್ಲಿ ಇಲ್ಲದ, ಪೋರ್ಚುಗೀಸರ ಹಡಗಿನ ಹಿಂದೆ ಅಮೆರಿಕ ಖಂಡದಿಂದ ಬಂದ ಗಿಡ ಇವತ್ತು ನಮ್ಮ ತಾಲೂಕಿನ ಹೆಸರನ್ನು ಜಗತ್ತಿಗೆ ಒಯ್ದಿದೆ. ಆದರೂ 2024ರ ಮಾರ್ಚ್‌ನಲ್ಲಿ ಧಾರಣೆ ಒಮ್ಮೆಲೇ ಬಿದ್ದಾಗ ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಗಳೂರಿನಲ್ಲಿ ಕುಳಿತು ಟಿ.ವಿ.ಯಲ್ಲಿ ಆ ಹೊಗೆ ನೋಡಿದೆ. ಬೆಂಕಿ ಹಚ್ಚಿದ್ದನ್ನು ಯಾರೂ ಸರಿ ಎನ್ನಲಾರರು. ಆದರೆ ಬೆಳಿಗ್ಗೆ ಒಂದು ಧಾರಣೆಯ ಲೆಕ್ಕ ಹಾಕಿಕೊಂಡು ಬಂದವನಿಗೆ ಮಧ್ಯಾಹ್ನ ಇನ್ನೊಂದು ಹೇಳಿದಾಗ, ಯಾಕೆ ಎಂದು ತಿಳಿಯುವ ದಾರಿ ಅವನಿಗೆ ಇರಬೇಕಿತ್ತು.

ಗುರುಗಳೇ, ಇಪ್ಪತ್ತು ವರ್ಷ ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಏಕಸ್ವಾಮ್ಯ ಎಂದರೆ ಕೊಳ್ಳುವವನು ಒಬ್ಬನೇ ಆಗುವುದು ಎಂದು ನೀವು ಹೇಳಿಕೊಟ್ಟಿರಿ. ಓದುತ್ತ ಹೋದಂತೆ ನನಗೆ ತಿಳಿದದ್ದು, ಕೊಳ್ಳುವವರು ಬಹಳ ಮಂದಿ ಇದ್ದ ಮಾತ್ರಕ್ಕೆ ರೈತ ಗೆದ್ದ ಎಂದಲ್ಲ. ಮೂರು ಪ್ರಶ್ನೆ ಕೇಳಬೇಕು. ಉಗ್ರಾಣದ ಕೀಲಿ ಯಾರ ಕೈಯಲ್ಲಿದೆ? ಕಾಯುವ ಶಕ್ತಿ ಯಾರಿಗಿದೆ? ಲೆಕ್ಕದ ಪುಸ್ತಕವನ್ನು ಯಾರು ಯಾರು ನೋಡಬಹುದು? ಅರಸರ ಕಾಲದಲ್ಲಿ ಮೂರಕ್ಕೂ ಒಂದೇ ಉತ್ತರ. ನಮ್ಮ ಕಾಲದಲ್ಲಿ ಉತ್ತರ ಬೇರೆ ಬೇರೆ ಇದೆ, ಆದರೆ ಚೀಲದ ಒಡೆಯನ ಹೆಸರು ಇನ್ನೂ ಮೂರರಲ್ಲೂ ಬಂದಿಲ್ಲ.

ಸುಂಕವನ್ನು ಕಲ್ಲಿನಲ್ಲಿ ಕೊರೆದವರು ಮೂರನೆಯ ಪ್ರಶ್ನೆಗೆ ಒಂದು ದಾರಿ ತೋರಿಸಿದ್ದರು. ಗುಡಿಯ ಮೊಗಸಾಲೆಯಲ್ಲಿ ಮರಳಿನ ಮೇಲೆ ಬರೆಯುತ್ತಿದ್ದ ಆ ನಾಲ್ವರು ಹುಡುಗರೂ ತೋರಿಸಿದ್ದರು. ಲೆಕ್ಕ ಒಬ್ಬನ ಬಳಿ ಮಾತ್ರ ಇದ್ದರೆ ಅವನು ಮರೆಯಬಹುದು, ಬೇಕೆಂದೇ ಮರೆಯಲೂಬಹುದು. ನಾಲ್ವರ ಬಳಿ ಇದ್ದರೆ ತಿದ್ದುವವರು ಇರುತ್ತಾರೆ. ಈಗ ನಾನು ಬರೆಯುವ ಪ್ರತಿ ದಾಸ್ತಾನು ಸಾಫ್ಟ್‌ವೇರಿನಲ್ಲಿ ಒಂದು ಹಟ ಇಟ್ಟುಕೊಂಡಿದ್ದೇನೆ. ಮಾಲು ಇಟ್ಟವನಿಗೆ ತನ್ನ ಮಾಲಿನ ತೂಕ, ಬಾಡಿಗೆ, ಕಡಿತ ಎಲ್ಲವೂ ಅವನ ಭಾಷೆಯಲ್ಲಿ ಕಾಣಬೇಕು. ಸಭೆಗಳಲ್ಲಿ ಇದಕ್ಕೆ ವಾದ ಮಾಡಿ ಕೆಲವು ಸಲ ಗೆದ್ದಿದ್ದೇನೆ, ಹೆಚ್ಚು ಸಲ ಸೋತಿದ್ದೇನೆ.

ಅಪ್ಪ ಈಗಲೂ ಒಂದೆಕರೆಯಲ್ಲಿ ಕಾಯಿ ಹಾಕುತ್ತಾನೆ. ಹೋದ ಸುಗ್ಗಿಯಲ್ಲಿ ಅವನ ಜೊತೆ ಪೇಟೆಗೆ ಹೋಗಿದ್ದೆ. ಪಟ್ಟಿ ಕೈಗೆ ಬಂದಾಗ ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ಓದಿದ, ಒಂದು ಕಡಿತದ ಮೇಲೆ ಬೆರಳಿಟ್ಟು “ಇದು ಯಾಕ?” ಎಂದು ಕೇಳಿದ. ಗುಮಾಸ್ತ ಒಂದು ಗಳಿಗೆ ನೋಡಿ, ತಪ್ಪಾಗಿದೆ ಎಂದು ತಿದ್ದಿಕೊಟ್ಟ. ಉಳಿದದ್ದು ನೂರಾಹತ್ತು ರೂಪಾಯಿ. ಆ ಹಣದಲ್ಲಿ ಇಬ್ಬರೂ ಮಿರ್ಚಿ, ಚಹಾ ಮುಗಿಸಿ ಊರಿಗೆ ಬಂದೆವು.

ನಮ್ಮ ಶಾಲೆಯಲ್ಲಿ ಈಗ ಓದುತ್ತಿರುವ ಮಕ್ಕಳಿಗೆ ನನ್ನದೊಂದೇ ಮಾತು. ಮನೆಗೆ ಬರುವ ಪಟ್ಟಿಯನ್ನು ಅಪ್ಪ-ಅವ್ವನ ಜೊತೆ ಕುಳಿತು ಓದಿರಿ, ತಿಳಿಯದಲ್ಲಿ ಬೆರಳಿಟ್ಟು ಕೇಳಿರಿ. ಇತಿಹಾಸದ ಪಾಠ ಅಲ್ಲಿಂದಲೂ ಶುರುವಾಗುತ್ತದೆ.  ಉತ್ತರಕ್ಕೆ ಅಂಕ ಎಷ್ಟು ಎಂಬುದು ಗುರುಗಳಿಗೆ ಬಿಟ್ಟದ್ದು.

— ಹಳೆಯ ವಿದ್ಯಾರ್ಥಿ, ಬಿ.ಇ., 2005ರ ಎಸ್.ಎಸ್.ಎಲ್.ಸಿ. ತಂಡ